ಮಾಬೆಲ್ ಯಾವ ದರ್ಜಿಯ ಹತ್ತಿರವೂ ಹೋಗುವುದಿಲ್ಲ

ಬಾಲಕಿಯರ ಹಾಸ್ಟೆಲ್, ಶಿಕಾರಿಪುರ
24 ಆಗಸ್ಟ್ 2025, ಭಾನುವಾರ

ಸಬ್ರೀನ್,

ಇದನ್ನು ಫೋನಿನಲ್ಲೇ ಬರೆಯಬಹುದಿತ್ತು. ಬರೆದೆ ಕೂಡ. ನೀನು ನೋಡುವ ಮೊದಲೇ ಡಿಲೀಟ್ ಮಾಡಿದೆ, ಮತ್ತೆ ಬರೆದೆ, ಮತ್ತೆ ಡಿಲೀಟ್. ನಿನ್ನ ಫೋನಿನಲ್ಲಿ ಅಳಿಸಿದ ಗುರುತುಗಳು ಮಾತ್ರ ಸಾಲಾಗಿ ನಿಂತಿರಬೇಕು. ಕಾಗದವಾದರೆ ಆ ಕಷ್ಟ ಇಲ್ಲ. ನಿನ್ನ ಅಣ್ಣ ನಯಾಜ್ ಭಾಯ್ ಕೈಗೆ ಕೊಟ್ಟರೆ ಮುಗಿಯಿತು, ಅದನ್ನು ವಾಪಸ್ ಕೇಳಲು ಅವರ ಗೂಡ್ಸ್ ಆಟೋ ಹಿಂದೆ ಓಡುವುದಂತೂ ನನ್ನಿಂದ ಆಗದ ಮಾತು. (ಜೋಕು. ನಗಬೇಡ.)

ನೀನು ಕಳಿಸಿದ ಇಂಗ್ಲಿಷ್ ಕಾದಂಬರಿ ಓದಿದೆ. ಕವರ್ ಮೇಲೆ ಹಳದಿ ಫ್ರಾಕ್ ತೊಟ್ಟ ದಪ್ಪ ಹುಡುಗಿ, ಬಾಯಿ ತುಂಬಾ ನಗು. ಅದನ್ನು ಹಿಡಿದುಕೊಂಡು ಹಾಸ್ಟೆಲ್ ವರಾಂಡದಲ್ಲಿ ಕೂರುವ ಧೈರ್ಯ ನನಗಿಲ್ಲ, ಪೇಪರ್ ಸುತ್ತಿದೆ. ನನ್ನ ರೂಮ್‌ಮೇಟ್ ಶಾಲಿನಿ ಕೇಳಿದಳು, "ಏನೇ ಅದು, ಬೈಂಡ್ ಹಾಕ್ಕೊಂಡು ಓದೋ ಅಂಥದ್ದು?"

"ಎಕನಾಮಿಕ್ಸು."

"ಎಕನಾಮಿಕ್ಸ್ ಓದಿ ಯಾರಾದ್ರೂ ಹಿಂಗೆ ಕೆಂಪಾಗ್ತಾರೇನೇ?"

ಮೊದಲು ಇಷ್ಟವಾದದ್ದು ಹೇಳುತ್ತೇನೆ. ಎರಡನೇ ಅಧ್ಯಾಯದಲ್ಲಿ ಮಾಬೆಲ್ ಗೆಳತಿಯರ ಜೊತೆ ಹೋಟೆಲಿಗೆ ಹೋಗುತ್ತಾಳಲ್ಲ, ತಟ್ಟೆ ಖಾಲಿ ಮಾಡಿ ಇನ್ನೊಂದು ತರಿಸುತ್ತಾಳೆ. ಯಾರೂ ಏನೂ ಅನ್ನುವುದಿಲ್ಲ. ಬರೆದವರೂ ಏನೂ ಅನ್ನುವುದಿಲ್ಲ! ಆ ಪುಟವನ್ನು ಮತ್ತೆ ಮತ್ತೆ ಓದಿದೆ. ಇಲ್ಲಿ ಮೆಸ್ಸಿನಲ್ಲಿ ನಾನು ಎರಡನೇ ಸಲ ತಟ್ಟೆ ಹಿಡಿದಾಗ ಬಡಿಸುವ ಗುಡ್ಡಮ್ಮಕ್ಕ ತುಟಿ ಪಿಟಕ್ ಅನ್ನುವುದಿಲ್ಲ, ಆದರೂ ನಾನೇ "ಬೆಳಿಗ್ಗೆ ತಿಂದಿರ್ಲಿಲ್ಲಕ್ಕಾ" ಅಂತ ಕಾರಣ ಕೊಡುತ್ತೇನೆ. ಬೆಳಿಗ್ಗೆ ತಿಂದಿರುತ್ತೇನೆ.

ಇಷ್ಟವಾಗದ್ದು ಗ್ರೆಗ್. ದೋಣಿ ಇಂಜಿನ್ ರಿಪೇರಿ ಮಾಡುವವನಿಗೆ ಮೊದಲ ನೋಟದಲ್ಲೇ ಪ್ರೀತಿ, ಅವಳ ಒಂದೊಂದು ಕರ್ವ್ ಮೇಲೂ ಪ್ರೀತಿ. ಆಗುಂಬೆ ಘಾಟಿಯಲ್ಲೂ ಅಷ್ಟು ತಿರುವು ಇರಲಾರದು. ಓದುತ್ತಾ ಓದುತ್ತಾ ಪುಸ್ತಕ ಮುಚ್ಚಿದೆ, ಮತ್ತೆ ತೆರೆದೆ. ಇದು ನನಗೂ ಆಗಬಹುದು ಅಂತ ಆಸೆಯೋ, ಆಗುವುದಿಲ್ಲ ಅಂತ ಸಿಟ್ಟೋ, ಗೊತ್ತಾಗಲಿಲ್ಲ.

ಇನ್ನೊಂದು ಗ್ರಹಚಾರ. ಸೆಪ್ಟೆಂಬರ್ 27ಕ್ಕೆ ಕಾಲೇಜಿನ ಓದುಗರ ಬಳಗದಲ್ಲಿ ಫಸ್ಟ್ ಇಯರ್‌ನವರು ಒಂದೊಂದು ಪುಸ್ತಕದ ಬಗ್ಗೆ ಮಾತಾಡಬೇಕು. ಇಂಗ್ಲಿಷ್ ಪಾಠ ಹೇಳುವ ಪರಮಶಿವಪ್ಪ ಸರ್ ನನ್ನನ್ನೇ ಎಬ್ಬಿಸಿದರು: "ನೀನು ಇಂಗ್ಲಿಷ್ ಮೀಡಿಯಂ ವಸತಿ ಶಾಲೆಯವಳಲ್ವೇನಮ್ಮ? ಯಾವ ಪುಸ್ತಕ ಹೇಳು." ಗಾಬರಿಯಲ್ಲಿ ಬಾಯಿಗೆ ಬಂದದ್ದು ಇದೇ ಹೆಸರು. ಮಧ್ಯಾಹ್ನದೊಳಗೆ ನೋಟೀಸ್ ಬೋರ್ಡಿನಲ್ಲಿತ್ತು. ಈಗ ನಾನು ಆ ಕಥೆ ಹೇಳುತ್ತಾ ನಿಂತರೆ ಎಲ್ಲರೂ ಕಥೆ ಕೇಳುತ್ತಾರಾ, ನನ್ನನ್ನು ನೋಡುತ್ತಾರಾ?

ಅವತ್ತು ಹುಡುಗಿಯರೆಲ್ಲ ಸೀರೆ ಅಂತ ತೀರ್ಮಾನವಾಗಿದೆ. ಕುಪ್ಪಗಡ್ಡೆಯಿಂದ ಅಮ್ಮ ತನ್ನ ಹಸಿರು ಸೀರೆ ಕೊಟ್ಟು ಕಳಿಸಿದ್ದಾಳೆ. ಅದರ ಬ್ಲೌಸ್ ಪೀಸು, ಅಳತೆಗೆ ನನ್ನದೊಂದು ಬ್ಲೌಸು ಈ ಕವರಿನಲ್ಲಿದೆ. ನಿಮ್ಮ ಅಮ್ಮಿಗೆ ಕೊಡು. ಅಳತೆ ಅದೇ, ಹೆಚ್ಚುಕಡಿಮೆ ಏನಿಲ್ಲ.

ಒಂದು ಪ್ರಶ್ನೆ. ಅಷ್ಟು ಪುಸ್ತಕಗಳಲ್ಲಿ ನನಗೆ ಅಂತ ಇದನ್ನೇ ಯಾಕೆ ತೆಗೆದುಕೊಂಡೆ?

ಉತ್ತರಕ್ಕೆ ಹೆದರುತ್ತಾ,
ನಯನ


ಸೊರಬ
31 ಆಗಸ್ಟ್ 2025

ನಯನಾ,

ಪೇಪರ್ ಸುತ್ತಿ ಓದಿದೆಯಾ! ಮಾರಾಯ್ತಿ, ನಾನು ಅಬ್ಬಾನ ಟೈಲರ್ ಅಂಗಡಿಯ ಕೌಂಟರ್ ಮೇಲೇ ಇಟ್ಟುಕೊಂಡು ಓದಿದೆ. ಪ್ಯಾಂಟ್ ಹೊಲಿಯಲು ಕೊಡಲು ಬಂದ ಉಜ್ಜಪ್ಪ ಮೇಷ್ಟ್ರು ಕವರ್ ನೋಡಿ, "ಇದನ್ನ ಡಿಗ್ರಿಗೆ ಇಟ್ಟಿದಾರೇನೇ?" ಅಂದರು. "ಹೌದು ಸಾರ್, ಹೋಮ್ ಸೈನ್ಸು" ಅಂದೆ. ಅಬ್ಬಾ ಟೇಪು ಹಿಡಿದುಕೊಂಡೇ ಕೆಮ್ಮಿದರು.

ಶಿರಾಳಕೊಪ್ಪದ ಸಂತೆಯಲ್ಲಿ ಈರುಳ್ಳಿಯವನ ಪಕ್ಕ ಹಳೇ ಪುಸ್ತಕದವನು ಕೂರುತ್ತಾನಲ್ಲ, ಅಲ್ಲಿ ಸಿಕ್ಕಿದ್ದು. ಯಾಕೆ ತೆಗೆದುಕೊಂಡೆ ಅಂದರೆ ಲವ್ ಸ್ಟೋರಿ ಅಂತ, ಮತ್ತೇನು. ಆಸ್ಪತ್ರೆ ಮೆಟ್ಟಿಲ ಮೇಲೆ ಗ್ರೆಗ್ ಅಳುವಾಗ ನಾನೂ ಅತ್ತೆ. ಸತ್ಯ ಹೇಳಲಾ? ಅರ್ಧ ಪುಸ್ತಕ ಆಗುವಷ್ಟರಲ್ಲಿ ಮಾಬೆಲ್ ದಪ್ಪ ಅನ್ನುವುದೇ ನನಗೆ ಮರೆತುಹೋಗಿತ್ತು. ನೀನು ಯಾಕೆ ಅದನ್ನೇ ಹಿಡಿದುಕೊಂಡು ಕೂತಿದ್ದೀಯ?

ಬ್ಲೌಸಿನ ವಿಷಯ. ಅಮ್ಮಿ ನಿನ್ನ ಅಳತೆ ಬ್ಲೌಸನ್ನು ಮಡಿಲಲ್ಲಿ ಹರಡಿಕೊಂಡು ಕೂತಳು. "ಇದು ನಯನಂದಾ? ಬಕ್ರೀದಿಗೆ ಬಂದಾಗ ನೋಡಿದೀನಲ್ಲ ಹುಡುಗೀನ. ಇದು ಅವಳ ಮೊಣಕೈನೂ ದಾಟಲ್ಲ. ಯಾವ ಕ್ಲಾಸಿಂದು ಕೇಳು" ಅಂದಳು. ಟೇಪು ಹಿಡಿಯದೆ ಕತ್ತರಿ ಹಾಕಲ್ಲವಂತೆ. ಒಂದು ಭಾನುವಾರ ಬಸ್ಸು ಹತ್ತಿ ಬಾ, ಐದು ನಿಮಿಷದ ಕೆಲಸ. ಬಿರಿಯಾನಿ ನನ್ನ ಜವಾಬ್ದಾರಿ.

ಮಾತಾಡುವುದಕ್ಕೆ ಹೆದರಬೇಡ. ಗ್ರೆಗ್ ಬಗ್ಗೆ ಮಾತ್ರ ಹೇಳು, ಎಲ್ಲರೂ ಅಳುತ್ತಾರೆ.

ಇಂತಿ, ಕೌಂಟರ್ ಮೇಲಿಂದ
ಸಬ್ರೀನ್


ಶಿಕಾರಿಪುರ
7 ಸೆಪ್ಟೆಂಬರ್ 2025

ಸಬ್ರೀನ್,

ನಿನಗೆ ಮರೆತುಹೋಯಿತು. ಎಷ್ಟು ಸುಲಭವಾಗಿ ಬರೆದುಬಿಟ್ಟೆ! ಮರೆಯಲು ನನಗೂ ಇಷ್ಟವೇ, ಆದರೆ ಯಾರೂ ಬಿಡುವುದಿಲ್ಲ. ಊರಿಗೆ ಹೋಗುವಾಗ ಬಸ್ಸಿನ ಇಬ್ಬರ ಸೀಟಿನಲ್ಲಿ ನಾನು ಕಿಟಕಿ ಪಕ್ಕ ಕೂತಿರುತ್ತೇನೆ. ಹತ್ತಿದವರು ಖಾಲಿ ಜಾಗ ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಕಂಬಿ ಹಿಡಿದು ನಿಂತುಕೊಳ್ಳುತ್ತಾರೆ. ನಾನು ಇನ್ನಷ್ಟು ಕಿಟಕಿಗೆ ಒತ್ತಿಕೊಳ್ಳುತ್ತೇನೆ. ಮಾಬೆಲ್ ಅಷ್ಟು ಪುಟಗಳಲ್ಲಿ ಒಂದು ಸಲವಾದರೂ ಒತ್ತಿಕೊಂಡು ಕೂರುತ್ತಾಳಾ?

ಅವಳು ಅಂಗಡಿಗೆ ಹೋಗಿ ಸೈಜ್ ಹೇಳುತ್ತಾಳೆ, ಹಳದಿ ಫ್ರಾಕ್ ಬರುತ್ತದೆ, ತೊಟ್ಟರೆ ಸರಿಯಾಗಿರುತ್ತದೆ. ಮಾಬೆಲ್ ಯಾವ ದರ್ಜಿಯ ಹತ್ತಿರವೂ ಹೋಗುವುದಿಲ್ಲ. ಅವಳ ಎದೆ ಸೊಂಟಕ್ಕೆ ಟೇಪು ಸುತ್ತಿ ಯಾರೂ ಅಂಕಿ ಕೂಗುವುದಿಲ್ಲ. ಆ ಪುಸ್ತಕ ಬರೆದವರಿಗೆ ಟೇಪು ಅಂದರೆ ಏನು ಅಂತಲೇ ಗೊತ್ತಿಲ್ಲ ಅನಿಸುತ್ತದೆ.

ನಿನಗೆ ಗೊತ್ತು. ವಸತಿ ಶಾಲೆಯಲ್ಲಿ ಯೂನಿಫಾರ್ಮ್ ಅಳತೆಗೆ ಟೈಲರ್ ಅಸೆಂಬ್ಲಿ ಹಾಲಿಗೆ ಬಂದ ದಿನ ನಮ್ಮನ್ನೆಲ್ಲ ಸಾಲು ನಿಲ್ಲಿಸಿದ್ದರು. ಅವನು ಅಂಕಿ ಹೇಳುವುದು, ವೀರಬಸಪ್ಪ ಮೇಷ್ಟ್ರು ಬರೆದುಕೊಳ್ಳುವುದು. ನನ್ನ ಸರದಿಯಲ್ಲಿ ಮೇಷ್ಟ್ರು ತಲೆ ಎತ್ತಿ "ಎಷ್ಟೂ?" ಅಂದರು. ಅವನು ಇನ್ನೂ ಜೋರಾಗಿ ಹೇಳಿದ. ಹಾಲಿನ ಕೊನೆಯವರೆಗೂ ಕೇಳಿಸಿತು. ನೀನು ನನ್ನ ಹಿಂದೆಯೇ ನಿಂತಿದ್ದೆ, ಸಬ್ರೀನ್. ಅದೂ ಮರೆತುಹೋಯಿತಾ?

ಅವತ್ತಿನಿಂದ ನಾನು ಟೇಪಿಗೆ ಮೈ ಕೊಟ್ಟಿಲ್ಲ. ಅಳತೆಗೆ ಬ್ಲೌಸೋ ಚೂಡಿದಾರವೋ ಕಳಿಸುತ್ತೇನೆ. ಈ ಸಲ ಕಳಿಸಿದ್ದು ಹತ್ತನೇ ಕ್ಲಾಸಿನದು, ಗೊತ್ತಾಯಿತಾ? ಅಮ್ಮ ಫೋನು ಮಾಡಿದಾಗಲೆಲ್ಲ ಹೇಳುತ್ತಾಳೆ, "ಬೆಳಿಗ್ಗೆ ಎದ್ದು ಹುಚ್ಚರಾಯನ ಕೆರೆ ಏರಿ ಮೇಲೆ ನಡಿ, ಒಂದ್ ತಿಂಗಳಲ್ಲಿ ಇಳೀತೀಯ." ನಡೆಯುತ್ತಿದ್ದೇನೆ. ಇಳಿಯುತ್ತೇನೆ. ಅದೇ ಅಳತೆಗೆ ಹೊಲಿಯಲು ಹೇಳು. ಬರಲು ನನಗೆ ಪುರುಸೊತ್ತಿಲ್ಲ, ಬಿರಿಯಾನಿಯೂ ಬೇಡ.

ಲವ್ ಸ್ಟೋರಿ ಅಂತ ತೆಗೆದುಕೊಂಡೆಯಂತೆ. ಸಂತೆಯಲ್ಲಿ ಸಣ್ಣ ಹುಡುಗಿಯರ ಲವ್ ಸ್ಟೋರಿ ಇರಲಿಲ್ಲವಾ?

ನಯನ


ಸೊರಬ
14 ಸೆಪ್ಟೆಂಬರ್ 2025

ನಯನ ಅವರಿಗೆ,

ಬ್ಲೌಸ್ ಹೊಲಿದಿದೆ. ಕೊಟ್ಟ ಅಳತೆಗೇ ಇದೆ. ಹುಕ್ಕು, ಹೆಮ್ಮಿಂಗ್ ಎಲ್ಲ ಆಗಿದೆ. ಅಳತೆ ಬ್ಲೌಸನ್ನೂ ಇಟ್ಟಿದ್ದೇನೆ.

ಸಬ್ರೀನ್


ಶಿಕಾರಿಪುರ
16 ಸೆಪ್ಟೆಂಬರ್ 2025

ಸಬ್ರೀನ್,

'ನಯನ ಅವರಿಗೆ.' ಆರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು.

ಬ್ಲೌಸು ಆಗಲಿಲ್ಲ. ಆಗುವುದಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು, ಆದರೂ ಬಾತ್‌ರೂಮಿನ ಚಿಲಕ ಹಾಕಿಕೊಂಡು ತೊಡಲು ನೋಡಿದೆ. ಒಂದು ತೋಳು ಹೇಗೋ ಹೋಯಿತು. ಇನ್ನೊಂದು ಅರ್ಧದಲ್ಲಿ ಸಿಕ್ಕಿಕೊಂಡಿತು. ಹಾಕಲೂ ಆಗದು, ತೆಗೆಯಲೂ ಆಗದು, ಎರಡು ಕೈಯೂ ಹಿಂದೆ. ಹೊರಗೆ ಬಕೆಟ್ ಹಿಡಿದವರು ಬಾಗಿಲು ತಟ್ಟುತ್ತಿದ್ದರು. ಕಡೆಗೆ ಶಾಲಿನಿಯನ್ನೇ ಕೂಗಿ, ಭುಜದಿಂದ ಚಿಲಕ ಸರಿಸಿದೆ. ಒಳಗೆ ಬಂದು, "ಉಸಿರು ಬಿಡು, ಎಳೀತೀನಿ" ಅಂದಳು. ಟರ್ ಅಂತ ಹೊಲಿಗೆ ಬಿಟ್ಟಿತು. ಅವಳು ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ಅಳತೆ ಕೊಟ್ಟವಳು ನಾನು. ನಿನ್ನ ತಪ್ಪೇನೂ ಇಲ್ಲ.

ಪರಮಶಿವಪ್ಪ ಸರ್ ಹತ್ತಿರ ಹೋಗಿ ನನ್ನ ಹೆಸರು ತೆಗೆಯಿರಿ ಅಂತ ಕೇಳಿದೆ. "ಬೋರ್ಡಿಗೆ ಹಾಕಿಯಾಯ್ತಲ್ಲಮ್ಮ" ಅಂದರು. ಅವತ್ತು ಜ್ವರ ಅನ್ನುತ್ತೇನೆ. ಈಗಲೇ ಬಂದ ಹಾಗಿದೆ.

ಸಬ್ರೀನ್, ಇದೊಂದು ಮಾತ್ರ ಸರಿಯಾಗಿ ಹೇಳು. ಆ ಪುಸ್ತಕ ನನಗೇ ಯಾಕೆ? ಲವ್ ಸ್ಟೋರಿ ಅನ್ನಬೇಡ. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೀನು ನನ್ನನ್ನು ಹೇಗೆ ನೋಡುತ್ತಿದ್ದೆ ಅಂತ ಗೊತ್ತಾಗಬೇಕು. ಅದು ತಿಳಿಯದೆ ಮುಂದಿನ ಕಾಗದ ಬರೆಯಲು ನನ್ನಿಂದ ಆಗುವುದಿಲ್ಲ.

ನಯನ


ಸೊರಬ
18 ಸೆಪ್ಟೆಂಬರ್ 2025

ನಯನಾ,

ತಪ್ಪು ನಿನ್ನದು ಮಾತ್ರ ಅಲ್ಲ. ಅಮ್ಮಿ ಕತ್ತರಿ ಹಾಕುವುದಿಲ್ಲ ಅಂದಳು ತಾನೇ? ನಾನು ಹಾಕಿದೆ. ನಿನ್ನ ಕಾಗದ ಓದಿದ ಸಿಟ್ಟಿಗೆ, ಅವಳು ಪಕ್ಕದ ಮನೆಗೆ ಹೋಗಿದ್ದಾಗ, ಆಗುವುದಿಲ್ಲ ಎಂದು ಗೊತ್ತಿದ್ದೇ ಕತ್ತರಿಸಿದೆ, ಗೊತ್ತಿದ್ದೇ ಹೊಲಿದೆ. ಇಂಥ ಒಳ್ಳೆಯ ಹೆಮ್ಮಿಂಗ್ ಯಾವತ್ತೂ ಮಾಡಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ಅಮ್ಮಿಗೆ ಹೇಳಿದೆ. "ಸಿಟ್ಟನ್ನ ಬಟ್ಟೆ ಮೇಲೆ ತೀರಿಸ್ಕೋತಾರೇನೇ, ಹುಚ್ಚಿ? ಅದೂ ಅವರಮ್ಮನ ಸೀರೇದು!" ಅಂತ ಬೈದವಳು ಇವತ್ತೂ ಸರಿಯಾಗಿ ಮಾತಾಡುತ್ತಿಲ್ಲ. ಅನ್ನ ಹಾಕುತ್ತಾಳೆ, ಸಾರು ನಾನೇ ಬಡಿಸಿಕೊಳ್ಳಬೇಕು.

ಹಾಲಿನಲ್ಲಿ ಅಳತೆ ತೆಗೆದ ದಿನ ನೆನಪಿದೆ. ಅಂಕಿಯೂ ನೆನಪಿದೆ, ಬರೆಯುವುದಿಲ್ಲ. ನೀನು ಸಾಲಿನಿಂದ ಆಚೆ ಹೋಗಿ ಗೋಡೆ ನೋಡುತ್ತಾ ನಿಂತೆ. ನಾನು ಬಂದು "ಊಟದ ಬೆಲ್ ಆಯ್ತು, ನಡಿ" ಅಂದೆ. ಬೆಲ್ ಆಗಿರಲಿಲ್ಲ. ನಾವಿಬ್ಬರೂ ಬೀಗ ಹಾಕಿದ ಮೆಸ್ಸಿನ ಮುಂದೆ ನಿಂತಿದ್ದೆವು, ನೀನು ಯಾಕೆ ಅಂತ ಕೇಳಲಿಲ್ಲ. ಆಮೇಲೆ ನಾನು ಯಾವತ್ತೂ ಆ ಮಾತು ಎತ್ತಲಿಲ್ಲ. ಎತ್ತದಿರುವುದೇ ಒಳ್ಳೆಯದು ಅಂದುಕೊಂಡಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ. ಸುಳ್ಳು ಹೇಳಿದ್ದೆ. ಮಾಬೆಲ್ ದಪ್ಪ ಅನ್ನುವುದು ನನಗೆ ಒಂದು ಪುಟದಲ್ಲೂ ಮರೆಯಲಿಲ್ಲ. ಸಂತೆಯಲ್ಲಿ ಆ ಕವರ್ ನೋಡಿದ ಕೂಡಲೇ ನಿನ್ನ ನೆನಪಾಯಿತು. ದಪ್ಪಗಿದ್ದಾಳೆ, ನಗುತ್ತಿದ್ದಾಳೆ, ಅರೆ ನಯನಾ ಅಂದುಕೊಂಡೆ. ಹತ್ತು ಹೆಜ್ಜೆ ಮುಂದೆ ಹೋಗಿ ವಾಪಸ್ ಬಂದೆ. ಕಳಿಸಿದರೆ ಬೇಜಾರು ಮಾಡಿಕೊಳ್ಳುತ್ತೀಯಾ ಅಂತ ಹೆದರಿಕೆಯಿತ್ತು. ಕಳಿಸದೆ ಇರೋಣವೆಂದರೆ, ನಮ್ಮಂಥವರ ಕಥೆ ಯಾರೂ ಬರೆಯುವುದಿಲ್ಲ ಅಂತ ನೀನು ಡಾರ್ಮಿಟರಿಯಲ್ಲಿ ಹೇಳುತ್ತಿದ್ದದ್ದು ಕಿವಿಯಲ್ಲಿತ್ತು. ನೀನು ಕೇಳಿದಾಗ ಗಾಬರಿಯಾಗಿ ಗ್ರೆಗ್‌ನ ಹಿಂದೆ ಅಡಗಿಕೊಂಡೆ.

ನೆನಪಾಗಬಾರದಿತ್ತಾ? ನೀನೇ ಹೇಳು. ನೋಡಿದರೆ ಸಿಟ್ಟು, ನೋಡದ ಹಾಗಿದ್ದರೂ ಸಿಟ್ಟು. ನಾನು ನಿನ್ನನ್ನು ಹೇಗೆ ನೋಡಬೇಕು?

ಈ ಭಾನುವಾರ ಬಾ. ಹಸಿರಿಗೆ ಒಪ್ಪುವ ಕಪ್ಪು ಬಟ್ಟೆ ತೆಗೆದಿಟ್ಟಿದ್ದೇನೆ. ಬಾಗಿಲು ಹಾಕಿರುತ್ತೇವೆ. ಅಮ್ಮಿ ಮತ್ತು ನಾನು ಮಾತ್ರ. ಬರದಿದ್ದರೂ ಕಾಗದವಾದರೂ ಬರೆ.

ನಿನ್ನ
ಸಬ್ರೀನ್


ಶಿಕಾರಿಪುರ
28 ಸೆಪ್ಟೆಂಬರ್ 2025

ಸಬ್ರೀನ್,

ಕಳೆದ ಭಾನುವಾರ ನಿಮ್ಮ ಮನೆಯಲ್ಲಿ ನಾನು ಸರಿಯಾಗಿ ಮಾತಾಡಲಿಲ್ಲ, ನೀನೂ ಆಡಲಿಲ್ಲ. ಬಾಯಿ ತುಂಬಾ ಬಿರಿಯಾನಿ ಇದ್ದದ್ದು ಇಬ್ಬರಿಗೂ ಅನುಕೂಲವಾಯಿತು. ಒಂದು ವಿಷಯ ಹೇಳಬೇಕಿತ್ತು. ನಿಮ್ಮ ಅಮ್ಮಿ ಟೇಪು ಹಿಡಿದಾಗ ನಿನಗೆ ಅಂಕಿಗಳನ್ನು ಉರ್ದುವಿನಲ್ಲಿ ಹೇಳುತ್ತಿದ್ದರಲ್ಲ, ಮೆಲ್ಲಗೆ, ನನಗೆ ತಿಳಿಯದಿರಲಿ ಅಂತ? ನಿನ್ನ ಪಕ್ಕ ಆರು ವರ್ಷ ಕೂತಿದ್ದೇನೆ, ಅಷ್ಟೂ ಬರುವುದಿಲ್ಲವೇನೇ ನನಗೆ? ಎಲ್ಲ ಅರ್ಥವಾಯಿತು. ಅರ್ಥವಾಗದ ಹಾಗೆ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆ. ಅವರಿಗೆ ಹೇಳಬೇಡ.

ನಿನ್ನೆ ಮಾತಾಡಿದೆ. ಹೌದು, ಜ್ವರ ಬರಲಿಲ್ಲ. ಬೆಳಿಗ್ಗೆ ಹಣೆ ಮುಟ್ಟಿ ಮುಟ್ಟಿ ನೋಡಿಕೊಂಡೆ, ಬರಲೇ ಇಲ್ಲ. ಶಾಲಿನಿ ನೆರಿಗೆ ಹಿಡಿದಳು. ಕಪ್ಪು ಬ್ಲೌಸು ಹಾಕಿಕೊಂಡು ಕೈ ಮೇಲೆತ್ತಿದರೆ ಕೈ ಮೇಲೆ ಹೋಗುತ್ತದೆ, ಕಂಕುಳಲ್ಲಿ ಏನೂ ಹಿಡಿಯುವುದಿಲ್ಲ! ಸುಮ್ಮನೆ ಫ್ಯಾನಿನ ಕಡೆಗೆ ಎರಡು ಮೂರು ಸಲ ಎತ್ತಿದೆ. ಶಾಲಿನಿ, "ಏನೇ, ಹಾಜರಿ ಕೊಡ್ತಿದೀಯಾ?" ಅಂದಳು.

ನಿಂತುಕೊಂಡ ಕೂಡಲೇ ಎಲ್ಲ ಮರೆತುಹೋಯಿತು. ಶುರುವಿಗೆ ಕಲಿತಿದ್ದ ಇಂಗ್ಲಿಷು ಸ್ವಲ್ಪ ಹೊತ್ತಿಗೆ ಮುಗಿಯಿತು, ಆಮೇಲೆ ಕನ್ನಡ. ಎರಡನೇ ತಟ್ಟೆ ತರಿಸುವ ಪುಟದ ಬಗ್ಗೆ ಹೇಳಿದೆ. ಮಾಬೆಲ್‌ಗೆ ಯಾರ ಮುಂದೆಯೂ ಕಾರಣ ಕೊಡುವ ಅಭ್ಯಾಸ ಇಲ್ಲ, ಅದು ನನಗೆ ಬೇಕು ಅಂದೆ. ಆದರೆ ಈ ಪುಸ್ತಕದಲ್ಲಿ ಬಸ್ಸು ಇಲ್ಲ, ಟೇಪು ಇಲ್ಲ, ಅವಳನ್ನು ಒಬ್ಬ ಗಂಡಸು ಚೆಂದ ಅನ್ನುವವರೆಗೆ ಅವಳಿಗೂ ಹಾಗೆ ಅನಿಸುವುದಿಲ್ಲ, ಅದು ನನಗೆ ಹಿಡಿಸಲಿಲ್ಲ ಅಂದೆ. ಗ್ರೆಗ್ ಅಳುತ್ತಾನೆ ಅಂತಲೂ ಹೇಳಿದೆ, ನಿನಗೋಸ್ಕರ. ಯಾರೂ ಅಳಲಿಲ್ಲ. ಹಿಂದಿನ ಬೆಂಚಿನಿಂದ ಮಾಲತೇಶ್ ಅನ್ನುವವನು, "ಮೇಡಂ, ಆ ಮೆಕ್ಯಾನಿಕ್ ನಂಬರ್ ಕೊಡ್ರಿ, ನಮ್ಮ ಬೈಕೂ ಅಳ್ತಾ ಐತಿ" ಅಂದ. ಎಲ್ಲರೂ ನಕ್ಕರು. ನಾನು ಸ್ವಲ್ಪ ತಡವಾಗಿ ನಕ್ಕೆ. ಅದು ನನ್ನ ಮೇಲಿನ ನಗುವಾ ಅಲ್ಲವಾ ಅಂತ ಲೆಕ್ಕ ಹಾಕಲು ಟೈಮ್ ಬೇಕಿತ್ತು.

ಮುಗಿಯಿತು ಅಂದುಕೊಂಡು ಇಳಿಯುವಾಗ ಪರಮಶಿವಪ್ಪ ಸರ್ ಕೇಳಿದರು, "ಇಷ್ಟು ತಕರಾರಿದ್ರೆ ಈ ಪುಸ್ತಕ ಯಾಕಮ್ಮ ಆರಿಸಿಕೊಂಡೆ?"

ಅವರು ಸುಮ್ಮನೆ ಕೇಳಿದ್ದು. ಆದರೆ ಎಲ್ಲರೂ ನನ್ನನ್ನು ನೋಡುತ್ತಿದ್ದರು, ಮೇಲಿನಿಂದ ಕೆಳಗಿನವರೆಗೂ. ನಾನು ಮೊದಲಿನಿಂದ ಹೆದರುತ್ತಿದ್ದದ್ದು ಸರಿಯಾಗಿ ಇದಕ್ಕೇ. ಲವ್ ಸ್ಟೋರಿ ಅಂತ ಸರ್, ಎಂದು ನಾಲಿಗೆಯ ತುದಿಯವರೆಗೆ ಬಂತು. ನೀನು ಯಾಕೆ ಅದರ ಹಿಂದೆ ಅಡಗಿಕೊಂಡೆ ಅಂತ ಆಗ ಗೊತ್ತಾಯಿತು.

"ನಾನು ಆರಿಸ್ಲಿಲ್ಲ ಸರ್. ಸಂತೇಲಿ ಇದರ ಕವರ್ ನೋಡಿದಾಗ ನನ್ನ ಗೆಳತಿಗೆ ನನ್ನ ನೆನಪಾಯ್ತು. ಅದಕ್ಕೆ ಕಳಿಸಿದ್ಲು."

ನೋಟೀಸ್ ಬೋರ್ಡಿಗೆ ಹಾಕಿದ ಹಾಗೆ ಹೇಳಿಬಿಟ್ಟೆ. ಯಾರಾದರೂ ನಕ್ಕರಾ ಗೊತ್ತಿಲ್ಲ, ನನ್ನ ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. ಸರ್ ಏನೋ ಕೇಳಲು ಬಾಯಿ ತೆರೆದು, "ಒಳ್ಳೇ ಗೆಳತಿ" ಅಂದು ಮುಂದಿನವಳ ಹೆಸರು ಕರೆದರು.

ರಾತ್ರಿಯೆಲ್ಲ ಹಾಗೆ ಹೇಳಬಾರದಿತ್ತಾ ಅಂತ ಯೋಚಿಸಿದೆ. ಇವತ್ತು ಶಾಲಿನಿ, ನನ್ನಲ್ಲಿ ಅರ್ಧ ಇದ್ದಾಳೆ, ನಿನ್ನ ಆ 'ಎಕನಾಮಿಕ್ಸ್' ಕೊಡು ಅಂತ ಇಸಿದುಕೊಂಡು ಹೋದಳು. ಅವಳಿಗೆ ಯಾಕೆ ಬೇಕು ಅಂತ ಕೇಳಲಿಲ್ಲ. ಆ ಪುಸ್ತಕ ನನಗೆ ಇಷ್ಟವಾ ಅಂತ ನೀನು ಕೇಳಿದರೆ ಈಗಲೂ ಹೇಳಲಾರೆ.

ನಾನು ನಿನ್ನನ್ನು ಹೇಗೆ ನೋಡಬೇಕು ಅಂತ ನೀನು ಕೇಳಿದ್ದೆ. ನನಗೂ ಪೂರ್ತಿ ಗೊತ್ತಿಲ್ಲ ಕಣೇ. ಮತ್ತೆ ಸಂತೆಯಲ್ಲಿ ಏನಾದರೂ ನೋಡಿ ನನ್ನ ನೆನಪಾದರೆ ಕಳಿಸು. ಕಳಿಸಲಾ ಬೇಡವಾ ಅಂತ ನೀನು ಹೆದರಬೇಡ. ಹೆದರುವುದಕ್ಕೆ ನಾನಿದ್ದೇನೆ.

ನಿನ್ನ
ನಯನ